ಅಪ್ಪಾಜಿ ನಿಲ್ಲುತ್ತಿದ್ದ ಜಾಗಗಳು

ಕಲಬುರಗಿಯ ನಮ್ಮ ಮನೆಯಿಂದ ಶರಣಬಸವೇಶ್ವರ ಗುಡಿಗೆ ನಡೆದು ಹೋಗುವಾಗ ಅಪ್ಪಾಜಿ ಮೂರು ಕಡೆ ನಿಲ್ಲುತ್ತಿದ್ದರು. ಮೊದಲು ತಿರುವಿನಲ್ಲಿರುವ ಕಿರಾಣಿ ಅಂಗಡಿಯ ಮುಂದೆ, ಆಮೇಲೆ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುವವನು ಕೂರುವ ಕಡೆ, ಕೊನೆಗೆ ಅಪ್ಪನ ಕೆರೆಯ ದಂಡೆಗೆ. ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಅಡತ್ ಅಂಗಡಿಯೊಂದರಲ್ಲಿ 36 ವರ್ಷ ಲೆಕ್ಕ ಬರೆಯುವ ಮುನೀಮರಾಗಿ ದುಡಿದವರಾದ್ದರಿಂದ ಯಾರನ್ನು ಕಂಡರೂ ಧಾರಣೆ ವಿಚಾರಿಸುವುದು ಅವರಿಗೆ ಹೊಸದೇನಲ್ಲ. ಹಾಗಾಗಿ ಅವರು ಕಿರಾಣಿ ಅಂಗಡಿಯವನೊಡನೆ ಮಾತಿಗೆ ನಿಂತಾಗ ನನಗೆ ಸಂಶಯ ಬರಲಿಲ್ಲ. "ಯಾಕ್ ನಿಂತ್ರಿ ಅಪ್ಪಾಜಿ?" ಎಂದರೆ, "ಏನಿಲ್ಲವ್ವ, ತೊಗರಿ ಏನ್ ನಡದದ ಅಂತ ಕೇಳ್ಲಾಕತ್ತಿದ್ದೆ" ಎನ್ನುತ್ತಿದ್ದರು. ಎರಡು ಮೂರು ನಿಮಿಷ ಕಳೆದ ಮೇಲೆ ಏನೂ ಆಗದವರಂತೆ ಮತ್ತೆ ಹೆಜ್ಜೆ ಹಾಕುತ್ತಿದ್ದರು.

ಅವರ ಸುಳ್ಳು ಬಯಲಾದದ್ದು ಎಳ್ಳಮಾವಾಸ್ಯೆಯ ದಿನ. ಆ ದಿನ ಈ ಭಾಗದ ಎಲ್ಲ ಮನೆಗಳವರಂತೆ ನಾವೂ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲುತ್ತಾ ಹೊಲವನ್ನು ಸುತ್ತಿ ಬರುವುದು ಮನೆಯ ಹಿರಿಯರಾದ ಅವರ ಕೆಲಸ. ಬದುವಿನ ಗುಂಟ ಸ್ವಲ್ಪ ದೂರ ಹೋದವರು ನಿಂತರು, ಮತ್ತೆ ಅಷ್ಟೇ ದೂರ ನಡೆದು ನಿಂತರು, ಮೂರನೆಯ ಸಲ ಬಾಗಿ ಬಲಗಾಲಿನ ಮೀನಖಂಡವನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ಆ ಹೊಲದಲ್ಲಿ ಧಾರಣೆ ಕೇಳಲು ಅಂಗಡಿಯಿರಲಿಲ್ಲ, ಮಾತಾಡಿಸಲು ಗುರುತಿನವರೂ ಇರಲಿಲ್ಲ. ಕಾಲು ಹಿಂಡಿದಂತಾಗುತ್ತದೆ, ನಿಂತರೆ ಬಿಡುತ್ತದೆ, ನಡೆದರೆ ಅಷ್ಟೇ ದೂರಕ್ಕೆ ಮತ್ತೆ ಹಿಡಿಯುತ್ತದೆ ಎಂದು ಅವರು ಹೇಳಿದ್ದು ಅಲ್ಲಿಯೇ, ಅದೂ ಬಹಳ ಸಂಕೋಚದಿಂದ.

ಆ ಒಂದು ಮಾತಿನಲ್ಲಿ ರೋಗದ ಹೆಸರು, ಅಂದರೆ ಧಮನಿ ಕಿರಿದಾಗಿ ಕಾಲಿಗೆ ರಕ್ತ ಸಾಲದೆ ಹೋಗುವ ಪೆರಿಫೆರಲ್ ಆರ್ಟರಿ ರೋಗ, ಪೂರ್ತಿಯಾಗಿ ಅಡಗಿತ್ತು ಎಂದು ಇವತ್ತು ನನಗೆ ಗೊತ್ತು. ಅವತ್ತು ಗೊತ್ತಿರಲಿಲ್ಲ. ನಾವು ಮೊದಲು ತೋರಿಸಿದ ಕಡೆಯವರಿಗೂ ಹೊಳೆಯಲಿಲ್ಲ. ಬೆನ್ನಿನ ಎಕ್ಸ್‌ರೇ ತೆಗೆಸಿದರು, ಮಣಿಗಳು ಸವೆದಿವೆ ಎಂದರು, ಸೊಂಟದ ನರ ಒತ್ತಿದೆ ಎಂದರು. ಅರವತ್ತೆಂಟು ವರ್ಷದವರ ಬೆನ್ನುಮೂಳೆಯ ಎಕ್ಸ್‌ರೇಯಲ್ಲಿ ಸವೆತ ಕಾಣಿಸದಿದ್ದರೆ ಅದೇ ಆಶ್ಚರ್ಯ. ಆದರೆ ಚಿತ್ರದಲ್ಲಿ ಒಂದು ದೋಷ ಸಿಕ್ಕಿತೆಂದರೆ ಕಾಲಿನ ಕಡೆ ಯಾರೂ ನೋಡುವುದಿಲ್ಲ. ನರಕ್ಕೆಂದು ಗುಳಿಗೆ, ನೋವಿಗೆಂದು ಗುಳಿಗೆ, ಸೊಂಟಕ್ಕೆ ಪಟ್ಟಿ ಎಂದು ಒಂದು ವರ್ಷಕ್ಕೂ ಮಿಕ್ಕಿದ ಕಾಲ ಹೀಗೆಯೇ ಕಳೆಯಿತು. ಅಷ್ಟು ದಿನಗಳಲ್ಲಿ ಒಬ್ಬರಾದರೂ ಅವರ ಕಾಲುಚೀಲ ಬಿಚ್ಚಿಸಲಿಲ್ಲ ಎಂಬುದು ನನ್ನ ದೂರು. ಬಿಚ್ಚಿ ನೋಡಬೇಕೆಂದು ನನಗೂ ಅನ್ನಿಸಲಿಲ್ಲ ಎಂಬುದು ಆ ದೂರಿನ ಇನ್ನೊಂದು ಅರ್ಧ.

ಸೊಂಟದಲ್ಲಿ ನರ ಒತ್ತಿದಾಗಲೂ ನಡೆಯುವಾಗ ಕಾಲು ನೋಯುತ್ತದೆ ಎಂಬುದು ನಿಜವೇ, ಗೊಂದಲವಾಗುವುದು ಅಲ್ಲಿಯೇ. ಆದರೆ ಆ ನೋವು ಬರಿದೆ ನಿಂತುಕೊಂಡ ಮಾತ್ರಕ್ಕೆ ಬಿಡುವುದಿಲ್ಲ. ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಅಂಥವರು ಸೈಕಲ್ಲನ್ನು ಆರಾಮಾಗಿ ತುಳಿಯುತ್ತಾರೆ, ಏಕೆಂದರೆ ಸೈಕಲ್ ಮೇಲೆ ಬೆನ್ನು ಬಾಗಿರುತ್ತದೆ. ರಕ್ತ ಸಾಲದೆ ಬರುವ ನೋವಿನ ಲೆಕ್ಕವೇ ಬೇರೆ. ಅದಕ್ಕೆ ನಿಂತರೆ ಸಾಕು, ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ; ಹೊರಟರೆ ಹೆಚ್ಚುಕಡಿಮೆ ಅಷ್ಟೇ ಹೆಜ್ಜೆಗಳಿಗೆ ಮರಳುತ್ತದೆ; ಏರು ಹತ್ತುವಾಗ ಬೇಗ ಬರುತ್ತದೆ. ಅಪ್ಪಾಜಿ ನಿಲ್ಲುತ್ತಿದ್ದ ಮೂರೂ ಜಾಗಗಳ ನಡುವಿನ ಅಂತರವನ್ನು ಆಮೇಲೆ ನಾನು ಹೆಜ್ಜೆ ಹಾಕಿ ಎಣಿಸಿದೆ. ಒಂದಕ್ಕೊಂದು ಇಪ್ಪತ್ತು ಮೂವತ್ತು ಹೆಜ್ಜೆಗಳ ವ್ಯತ್ಯಾಸ ಮಾತ್ರ ಇತ್ತು. ಜರ್ಮನ್ ಭಾಷೆಯಲ್ಲಿ ಈ ತೊಂದರೆಗೆ ಅಂಗಡಿಯ ಗಾಜಿನ ಮುಂದೆ ನಿಂತು ನೋಡುವವರ ರೋಗ ಎಂಬ ಅರ್ಥದ ಹೆಸರಿದೆಯೆಂದು ಓದಿದಾಗ ನಗು ಬಂತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು.

ಕೊನೆಗೆ ಗುಟ್ಟನ್ನು ಹೊರಗೆಳೆದದ್ದು ಒಂದು ಉಪ್ಪಿನ ಗಂಟು. ಊರಿನಿಂದ ಬಂದಿದ್ದ ನನ್ನ ಸೋದರತ್ತೆಗೆ ಅಣ್ಣನ ಪಾದಗಳು ತಣ್ಣಗಿರುವುದು ಕಂಡಿತು. ವಾಯು ಹಿಡಿದಿದೆ ಎಂದು ತೀರ್ಮಾನಿಸಿದ ಅವರು ದಪ್ಪ ಉಪ್ಪನ್ನು ಹಂಚಿನ ಮೇಲೆ ಹುರಿದು, ಬಟ್ಟೆಯಲ್ಲಿ ಕಟ್ಟಿ, ಮೂರು ರಾತ್ರಿ ಪ್ರೀತಿಯಿಂದ ಕಾವು ಕೊಟ್ಟರು. ಅಪ್ಪಾಜಿಗೆ ಹನ್ನೆರಡು ವರ್ಷಗಳಿಂದ ಶುಗರ್ ಇದೆ, ಪಾದದಲ್ಲಿ ಬಿಸಿ ತಣ್ಣನೆಯ ಅರಿವು ಅರ್ಧಕ್ಕರ್ಧ ಹೋಗಿದೆ. ಅವರಿಗೆ ಹಿತವಾಗಿದೆ ಎನ್ನಿಸಿದ ಕಾವು ಚರ್ಮಕ್ಕೆ ಕೆಂಡವಾಗಿತ್ತು. ನಾಲ್ಕನೆಯ ದಿನ ಬಲಪಾದದ ಹೊರ ಅಂಚಿನಲ್ಲಿ ಬೊಬ್ಬೆ ಎದ್ದು ಒಡೆಯಿತು, ಮೂರು ವಾರವಾದರೂ ಮಾಯಲಿಲ್ಲ. ರಕ್ತ ಕಡಿಮೆ ಹರಿಯುವ ಕಾಲಿಗೆ ಹೊರಗಿನಿಂದ ಬಿಸಿ ಕೊಟ್ಟರೆ ಅಲ್ಲಿಯ ಜೀವಕೋಶಗಳ ಆಮ್ಲಜನಕದ ಹಸಿವು ಹೆಚ್ಚುತ್ತದೆಯೇ ಹೊರತು ಅದನ್ನು ಒದಗಿಸುವ ನಾಳ ಅಗಲವಾಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಅತ್ತೆಗೆ ಇದನ್ನು ಹೇಗೆ ಹೇಳುವುದೆಂದು ತೋಚದೆ ಇವತ್ತಿನವರೆಗೂ ಹೇಳಿಲ್ಲ.

ಆ ಗಾಯವನ್ನು ತೋರಿಸಲು ಹೋದಾಗ ಸಿಕ್ಕವರು ತೀರ ಎಳೆ ವಯಸ್ಸಿನ ಒಬ್ಬ ವೈದ್ಯೆ. ಅವರು ಗಾಯವನ್ನು ನೋಡುವ ಮೊದಲು ಎರಡೂ ಪಾದಗಳ ಮೇಲೆ ತಮ್ಮ ಅಂಗೈಯ ಹಿಂಬದಿ ಇಟ್ಟು ತಂಪನ್ನು ಹೋಲಿಸಿದರು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಗೆ ನೇರವಾಗಿ ಪಾದದ ಮೇಲ್ಭಾಗದಲ್ಲಿ ಮೂರು ಬೆರಳೂರಿದರು, ಒಳಗಣಕಾಲಿನ ಗಂಟಿನ ಹಿಂದೆ ಊರಿದರು, ಮಂಡಿಯ ಹಿಂದೆ, ತೊಡೆಸಂದಿಯಲ್ಲಿ ಕೂಡ ನೋಡಿದರು. ತೊಡೆಸಂದಿಯಲ್ಲಿ ಮಿಡಿತ ಚೆನ್ನಾಗಿತ್ತು, ಅದರ ಕೆಳಗೆ ಬಲಗಾಲಿನಲ್ಲಿ ಎಲ್ಲಿಯೂ ಸಿಗಲಿಲ್ಲ. ಮೊಣಕಾಲಿನ ಕೆಳಗೆ ಕೂದಲು ಉದುರಿ ಚರ್ಮ ನುಣುಪಾಗಿ ಹೊಳೆಯುತ್ತಿರುವುದನ್ನೂ ಉಗುರುಗಳು ದಪ್ಪಗಾಗಿರುವುದನ್ನೂ ನನಗೆ ತೋರಿಸಿದರು. ಮಲಗಿಸಿ ಕಾಲನ್ನು ಎತ್ತಿ ಹಿಡಿದಾಗ ಪಾದ ಬಿಳುಚಿತು. ಎಬ್ಬಿಸಿ ಮಂಚದಿಂದ ಇಳಿಬಿಟ್ಟಾಗ ಮೆಲ್ಲಗೆ ಕೆಂಪಡರಿ ಕಡೆಗೆ ಕಂದು ಬಣ್ಣಕ್ಕೆ ತಿರುಗಿತು. ಇಷ್ಟಕ್ಕೆಲ್ಲ ಹಿಡಿದ ಸಮಯ ಹತ್ತು ನಿಮಿಷವೂ ಇಲ್ಲ, ಖರ್ಚು ಏನೂ ಇಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ದೇಹದಲ್ಲಿ ಸುತ್ತುತ್ತದೆಯೆಂದು ಬರೆದದ್ದನ್ನೂ, ಧಮನಿಗಳನ್ನೂ ಅಭಿಧಮನಿಗಳನ್ನೂ ಜೋಡಿಸುವ ಲೋಮನಾಳಗಳನ್ನು 1661ರಲ್ಲಿ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೂ ವರ್ಷ ವರ್ಷವೂ ಪಾಠ ಮಾಡುತ್ತೇನೆ. ಕಪ್ಪುಹಲಗೆಯ ಮೇಲೆ ನಾನು ಬರೆಯುವ ಚಿತ್ರದಲ್ಲಿ ಹೃದಯ ದೊಡ್ಡದಾಗಿರುತ್ತದೆ, ಶ್ವಾಸಕೋಶ ಅದರ ಮೇಲಿರುತ್ತದೆ, ಕೆಳಗೆ ಒಂದು ಸಣ್ಣ ಚೌಕ ಬರೆದು "ದೇಹದ ಇತರ ಭಾಗಗಳು" ಎಂದು ಹೆಸರಿಸುತ್ತೇನೆ. ಅಪ್ಪಾಜಿಯ ಕಾಲು ಆ ಚೌಕದೊಳಗೆ ಇತ್ತು.

ಆ ಚೌಕದೊಳಗೆ ನಡೆದದ್ದು ಇಷ್ಟು. ಹೊಟ್ಟೆಯ ಮಹಾಧಮನಿ ಎರಡಾಗಿ ಕವಲೊಡೆದು ಎರಡೂ ಕಾಲುಗಳಿಗೆ ಇಳಿಯುತ್ತದೆ. ಅದರ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಮತ್ತು ಸುಣ್ಣದಂಶ ಕೂಡಿಕೊಂಡು ದಾರಿ ಕಿರಿದಾಗುತ್ತ ಬರುತ್ತದೆ. ಕುಳಿತಿರುವ ಕಾಲಿನ ಸ್ನಾಯುವಿಗೆ ಬೇಕಾದ ರಕ್ತ ಬಹಳ ಸ್ವಲ್ಪ, ಅಷ್ಟನ್ನು ಕಿರಿದಾದ ನಾಳವೂ ತಲುಪಿಸುತ್ತದೆ, ಆದ್ದರಿಂದ ಕೂತವರಿಗೆ ನೋವಿಲ್ಲ. ನಡೆಯಲು ತೊಡಗಿದಾಗ ಬೇಡಿಕೆ ಹಲವು ಪಟ್ಟು ಏರುತ್ತದೆ. ಬೇಸಿಗೆಯಲ್ಲಿ ನಮ್ಮ ಓಣಿಯ ನಲ್ಲಿಯಲ್ಲಿ ಒಂದು ಕೊಡಕ್ಕೆ ಸಾಲುವಷ್ಟು ನೀರು ಸಣ್ಣಗೆ ಬರುತ್ತದೆ, ಹತ್ತು ಮನೆಯವರು ಒಟ್ಟಿಗೆ ಮೋಟರ್ ಹಚ್ಚಿದರೆ ಯಾರಿಗೂ ಸಾಲದು, ಇದೂ ಹಾಗೆಯೇ. ನೋವು ಎಲ್ಲಿ ಬರುತ್ತದೆ ಎಂಬುದರ ಮೇಲೆ ಅಡೆತಡೆ ಎಲ್ಲಿದೆ ಎಂದು ಊಹಿಸಬಹುದು. ಮೀನಖಂಡ ಹಿಡಿದರೆ ಹೆಚ್ಚಾಗಿ ತೊಡೆಯ ಧಮನಿಯಲ್ಲಿ, ಪೃಷ್ಠವೂ ತೊಡೆಯೂ ಹಿಡಿದರೆ ಅದಕ್ಕೂ ಮೇಲೆ, ಹೊಟ್ಟೆಯ ಮಟ್ಟದಲ್ಲಿ.

ಮರುದಿನ ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು, ಏಕೆಂದರೆ ಅದು ಬರೀ ಭಾಗಾಕಾರ. ತೋಳಿನಲ್ಲಿ ಬಿ.ಪಿ. ನೋಡುವಂತೆಯೇ ಕಣಕಾಲಿಗೂ ಪಟ್ಟಿ ಸುತ್ತಿ, ಪೆನ್ನಿನಷ್ಟು ದಪ್ಪದ ಡಾಪ್ಲರ್ ಉಪಕರಣದಿಂದ ಮಿಡಿತದ ಸದ್ದು ಕೇಳುತ್ತಾ ಅಲ್ಲಿಯ ಒತ್ತಡವನ್ನು ಅಳೆಯುತ್ತಾರೆ. ಕಣಕಾಲಿನಲ್ಲಿ ಬಂದ ಬಿ.ಪಿ.ಯ ಮೇಲಿನ ಅಂಕಿಯನ್ನು ತೋಳಿನಲ್ಲಿ ಬಂದ ಮೇಲಿನ ಅಂಕಿಯಿಂದ ಭಾಗಿಸಬೇಕು. 1.0ರಿಂದ 1.4ರ ಒಳಗೆ ಬಂದರೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ಕಾಲಿನ ಧಮನಿಯಲ್ಲಿ ತಡೆ ಇದೆ ಎಂದರ್ಥ. ಅಪ್ಪಾಜಿಯ ತೋಳಿನಲ್ಲಿ 142, ಬಲಗಣಕಾಲಿನಲ್ಲಿ 88, ಎಡಗಣಕಾಲಿನಲ್ಲಿ 119 ಬಂತು. ನಾನು ಫೋನ್ ತೆಗೆಯುವುದರೊಳಗೆ ಅವರೇ ಮನಸ್ಸಿನಲ್ಲಿ ಲೆಕ್ಕ ಹಾಕಿ, "ಬಲಗಡೆ ಸೊನ್ನೆ ಪಾಯಿಂಟ್ ಅರವತ್ತೆರಡು, ಎಡಗಡೆ ಎಂಬತ್ನಾಕು, ಹೌದಲ್ರಿ?" ಎಂದರು. ವೈದ್ಯೆ ನಕ್ಕರು. ಎಡಗಾಲು ಒಂದು ದಿನವೂ ನೋಯ್ದದ್ದಿಲ್ಲ, ಆದರೂ ಅಲ್ಲಿ ರೋಗ ಆಗಲೇ ನೆಲೆಯೂರಿತ್ತು. ಬಲಗಾಲು ಮೊದಲೇ ಅವರನ್ನು ನಿಲ್ಲಿಸಿಬಿಡುತ್ತಿದ್ದುದರಿಂದ ಎಡಗಾಲಿಗೆ ನೋಯುವಷ್ಟು ದೂರ ನಡೆಯುವ ಅವಕಾಶವೇ ಸಿಕ್ಕಿರಲಿಲ್ಲ.

ಸಕ್ಕರೆ ಕಾಯಿಲೆ ಇರುವವರು ಈ ಭಾಗಾಕಾರದ ಇನ್ನೊಂದು ಬದಿಯನ್ನೂ ತಿಳಿದಿರಬೇಕು. ಅವರ ಧಮನಿಯ ಗೋಡೆಯಲ್ಲಿ ಸುಣ್ಣ ಗಟ್ಟಿಯಾಗಿ ಪಟ್ಟಿಯ ಒತ್ತಡಕ್ಕೆ ನಾಳ ಮಣಿಯದೇ ಹೋಗಬಹುದು. ಆಗ ಫಲಿತಾಂಶ 1.4ನ್ನೂ ಮೀರಿ ಬರುತ್ತದೆ, ಇಲ್ಲವೇ ಸುಳ್ಳುಸುಳ್ಳೇ ಸರಿಯಾಗಿ ಕಾಣುತ್ತದೆ. ಹೆಬ್ಬೆರಳಿನ ಸಣ್ಣ ನಾಳಗಳು ಹಾಗೆ ಗಟ್ಟಿಯಾಗುವುದು ಕಡಿಮೆಯಾದ್ದರಿಂದ ಅಲ್ಲಿಯ ಒತ್ತಡವನ್ನು ಬೇರೆಯಾಗಿ ಅಳೆಯುತ್ತಾರೆ. ಅಪ್ಪಾಜಿಯ ಬಲ ಹೆಬ್ಬೆರಳಿನಲ್ಲಿ 58 ಇತ್ತು. 30ಕ್ಕಿಂತ ಕೆಳಗಿಳಿದಿದ್ದರೆ ಗಾಯ ತಾನಾಗಿ ಮಾಯುವ ಆಸೆ ಬಿಡಬೇಕಾಗುತ್ತಿತ್ತು, ಇಷ್ಟಿದ್ದರೆ ಕಾದು ನೋಡಬಹುದು ಎಂದು ವೈದ್ಯೆ ಹೇಳಿದರು. ರಾತ್ರಿ ಮಲಗಿದಾಗ ಪಾದ ಉರಿದು, ಎದ್ದು ಕಾಲನ್ನು ಮಂಚದಿಂದ ಇಳಿಬಿಟ್ಟು ಕೂರುತ್ತೀರಾ ಎಂದು ಎರಡು ಸಲ ಕೇಳಿದರು. ಅಪ್ಪಾಜಿ ಇಲ್ಲವೆಂದರು. ಕಾಲನ್ನು ಇಳಿಬಿಟ್ಟರಷ್ಟೇ ಭೂಮಿಯ ಸೆಳೆತದ ನೆರವಿನಿಂದ ರಕ್ತ ಪಾದಕ್ಕೆ ಇಳಿಯುವ ಹಂತ ಅದು. ಅಲ್ಲಿಗೆ ತಲುಪಿದ ಕಾಲನ್ನು ಉಳಿಸಿಕೊಳ್ಳಲು ತಡಮಾಡದೆ ನಾಳ ತೆರೆಯಬೇಕಾಗುತ್ತದೆ.

ನಮ್ಮ ಮನೆಯಲ್ಲಿಯೇ ಇದಕ್ಕೆ ತೀರ ವಿರುದ್ಧವಾದ ಕಾಲು ಇನ್ನೊಂದಿದೆ, ಅವ್ವನದು. ಜೀವನವೆಲ್ಲ ಒಲೆಯ ಮುಂದೆ ನಿಂತು ರೊಟ್ಟಿ ಬಡಿದ ಅವಳ ಕಾಲಿನಲ್ಲಿ ನೀಲಿ ನರಗಳು ಸುರುಳಿಯಾಗಿ ಉಬ್ಬಿವೆ, ಸಂಜೆಗೆ ಪಾದ ಬಾಯುತ್ತದೆ, ದಿಂಬಿನ ಮೇಲೆ ಕಾಲೆತ್ತಿ ಮಲಗಿದರೆ ಆರಾಮ. ಅಲ್ಲಿ ಕೆಟ್ಟಿರುವುದು ರಕ್ತವನ್ನು ಮೇಲಕ್ಕೆ ಮರಳಿಸುವ ಅಭಿಧಮನಿಯ ಕವಾಟಗಳು. ಆಡುಮಾತಿನಲ್ಲಿ ಇಬ್ಬರದೂ "ಕಾಲಿಗೆ ರಕ್ತ ಸರಿಯಾಗಿ ಆಡೂದಿಲ್ಲ" ಎಂಬ ಒಂದೇ ರೋಗ. ಆ ಒಂದೇ ಮಾತಿನಿಂದಾಗಿ ಅವ್ವನಿಗೆಂದು ತಂದಿದ್ದ ಬಿಗಿ ಕಾಲುಚೀಲವನ್ನು ಔಷಧಿ ಅಂಗಡಿಯವನ ಸಲಹೆಯಂತೆ ಅಪ್ಪಾಜಿಗೂ ಎಂಟು ದಿನ ಹಾಕಿದ್ದೆವು. ಅವ್ವನಿಗೆ ಮದ್ದಾದ ಅದೇ ಬಿಗಿತ, ಮೊದಲೇ ಒತ್ತಡ ಸಾಲದ ಧಮನಿಗೆ ಕುತ್ತಿಗೆ ಹಿಸುಕಿದಂತೆ. ಕಾಲಿಗೆ ಬಿಗಿ ಚೀಲವನ್ನೋ ಪಟ್ಟಿಯನ್ನೋ ಸುತ್ತುವ ಮುನ್ನ ಪಾದದ ನಾಡಿ ನೋಡಿಸಿಕೊಳ್ಳಿ ಎಂದು ಈಗ ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ. ಕೆಲವು ಆರೋಗ್ಯವಂತರಲ್ಲಿಯೂ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲ, ಅದಕ್ಕೆ ಗಾಬರಿಯಾಗಬೇಕಾಗಿಲ್ಲ. ಗಂಟಿನ ಹಿಂದಿನದೂ ಸಿಗದಿದ್ದರೆ ಮಾತ್ರ ತೋರಿಸಲೇಬೇಕು.

ಬೀಡಿಯ ವಿಷಯಕ್ಕೆ ಬರುತ್ತೇನೆ. ಅಪ್ಪಾಜಿ ಹದಿನೆಂಟನೆಯ ವಯಸ್ಸಿನಿಂದ ದಿನಕ್ಕೆ ಒಂದು ಕಟ್ಟು ಸೇದಿದವರು. ಕಾಲಿನ ಧಮನಿಗಳನ್ನು ಹಾಳುಮಾಡುವುದರಲ್ಲಿ ತಂಬಾಕು ಮತ್ತು ಸಕ್ಕರೆ ಕಾಯಿಲೆ ಇವೆರಡಕ್ಕೆ ಸರಿಸಾಟಿಯಾದದ್ದು ಬೇರೊಂದಿಲ್ಲ, ಅವರಲ್ಲಿ ಎರಡೂ ಕೂಡಿದ್ದವು. ಬಿಡಬೇಕೆಂದು ನಾವು ಇಪ್ಪತ್ತು ವರ್ಷ ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ. ಬಿಡಿಸಿದ್ದು ಗಂಜಿನ ಒಬ್ಬ ಹಮಾಲನ ನೆನಪು. ಕ್ವಿಂಟಲ್ ತೂಕದ ತೊಗರಿ ಚೀಲವನ್ನು ಒಬ್ಬನೇ ಬೆನ್ನಿಗೇರಿಸುತ್ತಿದ್ದ ಆ ಮನುಷ್ಯನಿಗೆ ಮೂವತ್ತೈದೂ ತುಂಬಿರಲಿಲ್ಲ, ಶುಗರ್ ಇರಲಿಲ್ಲ, ಬೀಡಿ ಮಾತ್ರ ಬಾಯಿಂದ ಇಳಿಯುತ್ತಿರಲಿಲ್ಲ. ರಾತ್ರಿಯೆಲ್ಲ ಗೋಡೆಗೆ ಒರಗಿ ಕಾಲು ಇಳಿಬಿಟ್ಟುಕೊಂಡು ಕೂರುತ್ತಿದ್ದನಂತೆ. ಮೊದಲು ಕಿರುಬೆರಳು ಕಪ್ಪಾಯಿತು, ಎರಡು ವರ್ಷದಲ್ಲಿ ಮೊಣಕಾಲಿನ ಕೆಳಗೆ ಕಾಲೇ ಇರಲಿಲ್ಲ. ತಂಬಾಕಿನ ಚಟವಿರುವ ಎಳೆಯ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಈ ರೋಗವನ್ನು ನ್ಯೂಯಾರ್ಕಿನಲ್ಲಿ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಬಂದಿದೆ. ಅದು ಅಪ್ಪಾಜಿಯದಕ್ಕಿಂತ ಬೇರೆ ಬಗೆಯ ರೋಗ, ಅದರಲ್ಲಿ ಕೊಬ್ಬು ಕೂಡುವುದಿಲ್ಲ, ಕೈಕಾಲಿನ ಸಣ್ಣ ಮತ್ತು ನಡುಗಾತ್ರದ ನಾಳಗಳು ಉರಿಯೂತದಿಂದ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ತಂಬಾಕನ್ನು ಪೂರ್ತಿ ಬಿಡುವುದೊಂದೇ ಅದನ್ನು ತಡೆಯುವ ದಾರಿ, ಅಗಿಯುವ ತಂಬಾಕಿಗೂ ರಿಯಾಯಿತಿ ಇಲ್ಲ. ವೈದ್ಯೆಯ ಕೋಣೆಯಿಂದ ಹೊರಬಂದ ಅಪ್ಪಾಜಿ ಆ ಹಮಾಲನ ಕಥೆಯನ್ನು ಆಟೋದಲ್ಲಿ ಮೊದಲ ಬಾರಿಗೆ ಹೇಳಿ, ಮನೆ ಬರುವಷ್ಟರಲ್ಲಿ ಜೇಬಿನ ಕಟ್ಟನ್ನು ತೆಗೆದು ನನ್ನ ಕೈಗಿಟ್ಟರು. ಆಮೇಲೆ ಎರಡು ತಿಂಗಳು ಅವರ ಸಿಟ್ಟನ್ನು ಸಹಿಸಿದ್ದು ಅವ್ವ.

ಸುದ್ದಿ ತಿಳಿದ ನೆಂಟರು ಎರಡು ಗುಂಪಾದರು. ಒಂದು ಗುಂಪು ಸೊಲ್ಲಾಪುರಕ್ಕೆ ಒಯ್ಯಿರಿ ಎಂದಿತು, ಇನ್ನೊಂದು ಹೈದರಾಬಾದಿಗೆ. ಎದೆಗೆ ಮಾಡುವ ಆಂಜಿಯೋಪ್ಲಾಸ್ಟಿಯನ್ನು ಕಾಲಿಗೂ ಮಾಡುತ್ತಾರೆಯೇ ಎಂದು ಎರಡೂ ಗುಂಪಿನವರಿಗೆ ಸೋಜಿಗ. ಆ ಚಿಕಿತ್ಸೆ ಹುಟ್ಟಿದ್ದೇ ಕಾಲಿನಲ್ಲಿ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ಧಮನಿಯೊಳಗೆ ಒಂದಕ್ಕಿಂತ ಒಂದು ದಪ್ಪನೆಯ ನಳಿಕೆಗಳನ್ನು ತೂರಿಸಿ ದಾರಿ ಅಗಲಿಸಿದರು. ಹೃದಯದ ಧಮನಿಯಲ್ಲಿ ಬಲೂನು ಊದಿದ್ದು 1977ರಲ್ಲಿ, ಅಂದರೆ ಹದಿಮೂರು ವರ್ಷಗಳ ನಂತರ. ಇದನ್ನು ಕೇಳಿ ಅಪ್ಪಾಜಿಗೆ ಧೈರ್ಯ ಬಂದದ್ದು ನಿಜ. ಆದರೆ ಬಣ್ಣದ ಡಾಪ್ಲರ್ ಚಿತ್ರ ನೋಡಿದ ಮೇಲೆ, ಗಾಯ ಒಂದು ತಿಂಗಳೊಳಗೆ ಕಿರಿದಾಗುತ್ತ ಬಂದರೆ ತೊಡೆಯ ಆ ತಡೆಗೆ ಸದ್ಯ ಕೈಹಚ್ಚುವುದು ಬೇಡ ಎಂದು ತೀರ್ಮಾನವಾಯಿತು. ಒಂಬತ್ತನೆಯ ವಾರದಲ್ಲಿ ಗಾಯ ಪೂರ್ತಿ ಮುಚ್ಚಿತು.

ಅಷ್ಟರಲ್ಲಿ ರಕ್ತ ಗರಣೆಗಟ್ಟದಂತೆ ಒಂದು ಗುಳಿಗೆ, ಕೊಲೆಸ್ಟರಾಲಿಗೆ ಸ್ಟಾಟಿನ್, ಹೃದಯದ ಎಕೋ ಮಾಡಿಸಿ ಅದು ಸರಿಯಾಗಿದೆಯೆಂದು ಖಚಿತವಾದ ಮೇಲೆ ನೋವಿಲ್ಲದೆ ನಡೆಯುವ ದೂರವನ್ನು ಹೆಚ್ಚಿಸುವ ಸಿಲೊಸ್ಟಾಜಾಲ್ ಗುಳಿಗೆ ಶುರುವಾಗಿದ್ದವು. ಹೃದಯ ವೈಫಲ್ಯ ಇರುವವರಿಗೆ ಸಿಲೊಸ್ಟಾಜಾಲ್ ಕೊಡುವಂತಿಲ್ಲ. ಮೊದಲ ಎರಡು ಗುಳಿಗೆಗಳು ಕಾಲಿಗಿಂತ ಹೆಚ್ಚಾಗಿ ಎದೆ ಮತ್ತು ಮಿದುಳಿಗಾಗಿ. ಕಾಲಿನ ನಾಳದಲ್ಲಿ ಕೂಡಿದ್ದು ಹೃದಯದ ನಾಳದಲ್ಲಿಯೂ ಕೂಡಿರುತ್ತದೆ, ಕಾಲು ಹಿಡಿಯುವ ರೋಗಿಗಳಲ್ಲಿ ಕಾಲು ಕಳೆದುಕೊಳ್ಳುವವರಿಗಿಂತ ಹೃದಯಾಘಾತದಿಂದಲೋ ಲಕ್ವದಿಂದಲೋ ಹೋಗುವವರೇ ಹೆಚ್ಚು ಎಂಬುದನ್ನು ನಾನು ಅಪ್ಪಾಜಿಗೆ ಹೇಳದೆ ಅವ್ವನಿಗೆ ಮಾತ್ರ ಹೇಳಿದೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳುಚಿ, ತಡೆಯಲಾರದ ನೋವು ಬಂದರೆ ಬೆಳಗಾಗಲೆಂದು ಕಾಯದೆ ಆಗಲೇ ದೊಡ್ಡ ಆಸ್ಪತ್ರೆಗೆ ಓಡಬೇಕು, ಕೆಲವೇ ತಾಸುಗಳಲ್ಲಿ ಸ್ನಾಯು ಸತ್ತುಹೋಗುತ್ತದೆ ಎಂಬುದನ್ನು ಮೂವರೂ ಬಾಯಿಪಾಠ ಮಾಡಿದ್ದೇವೆ.

ಉಳಿದ ಔಷಧವೆಂದರೆ ನಡಿಗೆ. ನಡೆದರೆ ನೋಯುವ ಕಾಲಿಗೆ ನಡಿಗೆಯೇ ಮದ್ದು ಎಂದಾಗ ಅಪ್ಪಾಜಿ ವೈದ್ಯೆಯನ್ನು ಅನುಮಾನದಿಂದ ನೋಡಿದರು. ಕ್ರಮ ಹೀಗಿದೆ: ನೋವು ಬಂದ ಕೂಡಲೇ ನಿಲ್ಲದೆ, ಅದು ಸಾಕಷ್ಟು ಜೋರಾಗುವವರೆಗೆ ನಡೆಯಬೇಕು, ಪೂರ್ತಿ ಇಳಿಯುವವರೆಗೆ ನಿಲ್ಲಬೇಕು, ಮತ್ತೆ ನಡೆಯಬೇಕು, ಹೀಗೆ ಒಟ್ಟು ಅರ್ಧದಿಂದ ಮುಕ್ಕಾಲು ತಾಸು, ವಾರಕ್ಕೆ ಕನಿಷ್ಠ ಮೂರು ದಿನ, ಕಡಿಮೆಯೆಂದರೆ ಹನ್ನೆರಡು ವಾರ. ಮುಚ್ಚಿದ ನಾಳ ಇದರಿಂದ ತೆರೆಯುವುದಿಲ್ಲ. ಅದರ ಅಕ್ಕಪಕ್ಕದ ಸಣ್ಣ ಕವಲುಗಳು ಚುರುಕಾಗುತ್ತವೆ, ಬಂದಷ್ಟೇ ರಕ್ತದಲ್ಲಿ ಹೆಚ್ಚು ಕೆಲಸ ಮಾಡುವುದನ್ನು ಸ್ನಾಯು ಕಲಿಯುತ್ತದೆ. ಗಾಯ ಮಾಯ್ದ ಮರುವಾರವೇ ಅಪ್ಪನ ಕೆರೆಯ ದಂಡೆಯಲ್ಲಿ ಶುರುಮಾಡಿದೆವು. ಮೊದಲ ಹದಿನೈದು ದಿನ ನನಗೆ ಕಣ್ಣೀರೇ ಬರುತ್ತಿತ್ತು, ನೋಯುವ ಕಾಲನ್ನು ಇನ್ನಷ್ಟು ನೋಯಿಸಲು ಮಗಳಾಗಿ ಹುರಿದುಂಬಿಸುವುದು ಸುಲಭವಲ್ಲ.

ಕಲಬುರಗಿಯ ಬಿಸಿಲು ಈ ಕ್ರಮಕ್ಕೆ ಹೇಳಿ ಮಾಡಿಸಿದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಆರಕ್ಕೆ ಹೊರಟು ಏಳರೊಳಗೆ ಮನೆ ಸೇರಬೇಕು. ಬರಿಗಾಲಿನ ಅಭ್ಯಾಸವನ್ನು ಬಿಡಿಸುವುದು ಬೀಡಿ ಬಿಡಿಸಿದ್ದಕ್ಕಿಂತ ಕಷ್ಟವಾಯಿತು, ಏಕೆಂದರೆ ಅದರಲ್ಲಿ ದೇವರಿದ್ದಾನೆ. ಹೋಳಿಯ ನಂತರ ಬರುವ ಜಾತ್ರೆಯ ಹೊತ್ತಿಗೆ ಗುಡಿಯ ಹಾಸುಗಲ್ಲು ಮಧ್ಯಾಹ್ನ ಕಾದ ಹಂಚಾಗಿರುತ್ತದೆ, ಅರಿವಿಲ್ಲದ ಅಂಗಾಲು ಅದರ ಮೇಲೆ ಸುಟ್ಟರೂ ತಿಳಿಯುವುದಿಲ್ಲ. ಈಗ ಅವರು ಸೂರ್ಯೋದಯಕ್ಕೆ ಮೊದಲೇ ದರ್ಶನ ಮಾಡಿ ಬರುತ್ತಾರೆ. ರಾತ್ರಿ ಮಲಗುವ ಮುನ್ನ ಅವ್ವ ಅವರ ಅಂಗಾಲನ್ನೂ ಬೆರಳಸಂದಿಗಳನ್ನೂ ಬ್ಯಾಟರಿ ಹಾಕಿ ನೋಡುತ್ತಾಳೆ. ಕಾಲಿನ ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಬಿಸಿನೀರಿನಲ್ಲಿ ಪಾದ ಅದ್ದುವುದು, ಉಪ್ಪಿನ ಗಂಟು, ಇವು ಮೂರೂ ನಮ್ಮ ಮನೆಯಲ್ಲಿ ಈಗ ನಿಷಿದ್ಧ.

ಮುನೀಮರು ಲೆಕ್ಕವಿಲ್ಲದೆ ಯಾವ ಕೆಲಸವನ್ನೂ ಮಾಡುವವರಲ್ಲ. ಕೆಂಪು ಬಟ್ಟೆಯ ರಟ್ಟಿನ ಒಂದು ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಅವರು ದಿನದ ನಡಿಗೆಯನ್ನು ಬರೆದಿಡುತ್ತಾರೆ. ಎಡಗಡೆಯ ಜಮಾ ಬದಿಗೆ ಒಟ್ಟು ಹೆಜ್ಜೆ, ಬಲಗಡೆಯ ಖರ್ಚಿನ ಬದಿಗೆ ಎಷ್ಟು ಕಡೆ ನಿಂತದ್ದು ಎಂಬುದು. ಮೊದಲ ದಿನದ ಸಾಲಿನಲ್ಲಿ ಏಳು ಸಲ ನಿಂತಿದ್ದಾರೆ, ನೋವು ಹಿಡಿದದ್ದು 210ನೆಯ ಹೆಜ್ಜೆಗೆ. ಹದಿನಾಲ್ಕನೆಯ ವಾರದ ಸಾಲಿನಲ್ಲಿ 590ನೆಯ ಹೆಜ್ಜೆಗೆ ಹಿಡಿದಿದೆ, ನಿಂತದ್ದು ಎರಡು ಸಲ. ಎರಡರಲ್ಲಿ ಒಂದು ಕಾಲಿಗಾಗಿ. ಇನ್ನೊಂದರ ಮುಂದೆ ಸಣ್ಣ ಅಕ್ಷರದಲ್ಲಿ, ಕಿರಾಣಿ ಅಂಗಡಿ, ತೊಗರಿ ಧಾರಣೆ ಕೇಳಲು, ಎಂದು ಬರೆದಿದ್ದಾರೆ.